ನಲವತ್ತು ಲಕ್ಷಕ್ಕೆ ಒಂಬತ್ತು ಕಡಿಮೆ

ನೀರಿನ ಮೀಟರು ತಯಾರಿಸುವ ಕಾರ್ಖಾನೆಯಲ್ಲಿ ಹಿತ್ತಾಳೆ ಮುಚ್ಚಳಗಳ ಮೇಲೆ ಕ್ರಮಸಂಖ್ಯೆ ಒತ್ತುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಬೆಂಚು, ಅದೇ ಸುತ್ತಿಗೆ. ಬೇಜಾರು ಕಳೆಯಲೆಂದು ಒಂದು ಚಟ ಅಂಟಿಸಿಕೊಂಡಿದ್ದಳು. ಕೈಗೆ ಬಂದ ಸಂಖ್ಯೆಯನ್ನು ನೋಡಿ, "ಇದು ಏಳರಿಂದ ಹೋಗುತ್ತೆ, ಇದು ಹದಿಮೂರರಿಂದ" ಎಂದುಬಿಡುವಳು. ಕಾರ್ಖಾನೆಗೆಲ್ಲ ಅವಳು ಭಾಗಾಕಾರದಕ್ಕ.

ಒಂದೇ ಮನೆಯಲ್ಲಿದ್ದ ಮೈದುನನ ಹೆಂಡತಿ ಅದೇ ಬೆಂಚಿಗೆ ಕೆಲಸಕ್ಕೆ ಬಂದಾಗ ಅವಳೇ ಸುತ್ತಿಗೆ ಹಿಡಿಯುವುದನ್ನು ಕಲಿಸಿದಳು. ವಾರಗಿತ್ತಿಯದು ಮಾತು ಕಡಿಮೆ, ಲೆಕ್ಕ ಚುರುಕು. ಅಕ್ಕ ಬಾಯಿ ತೆರೆಯುವ ಮೊದಲೇ ಉತ್ತರ ಹೇಳತೊಡಗಿದಳು. ಅಕ್ಕನ ಹೊಟ್ಟೆಯೊಳಗೆ ಕಿಚ್ಚು ಹೊತ್ತಿಕೊಂಡಿತು.

ಮುಂದೆ ಬರಲಿದ್ದ 3999991 ಎಂಬ ಸಂಖ್ಯೆಯನ್ನು ಅಕ್ಕ ಗುಟ್ಟಾಗಿ ಆರಿಸಿಕೊಂಡಳು. ಹನ್ನೆರಡು ದಿನ ಹರಿದ ರಟ್ಟಿನ ಪೆಟ್ಟಿಗೆಗಳ ಮೇಲೆ ಭಾಗಿಸಿದಳು. ಎರಡು ಸಾವಿರದವರೆಗಿನ ಸಂಖ್ಯೆಗಳಿಂದ ಭಾಗಿಸಿ ನೋಡಬೇಕೆಂದು ಗೊತ್ತಿದ್ದರೂ ಸಾವಿರದ ಐನೂರಕ್ಕೇ ಸಾಕಾಯಿತು. ಮರುದಿನ ಊಟದ ಹೊತ್ತಿಗೆ ರಟ್ಟಿನ ಮೇಲೆ ಬರೆದ ಆ ಸಂಖ್ಯೆಯನ್ನು ತೋರಿಸಿ ಎಲ್ಲರೆದುರು ಸಾರಿದಳು: "ಇದು ಅವಿಭಾಜ್ಯ! ಯಾವುದರಿಂದಲೂ ಹೋಗಲ್ಲ."

ವಾರಗಿತ್ತಿ ತುತ್ತು ನುಂಗಿ, "ಅಕ್ಕ, ಅದು ನಲವತ್ತು ಲಕ್ಷಕ್ಕೆ ಒಂಬತ್ತು ಕಡಿಮೆ ಅಲ್ವಾ?" ಎಂದಳು.

"ಆದ್ರೆ ಏನೀಗ?"

"ನಲವತ್ತು ಲಕ್ಷ ಅಂದ್ರೆ ಎರಡು ಸಾವಿರದ ವರ್ಗ. ಒಂಬತ್ತು ಮೂರರ ವರ್ಗ. ಎರಡು ಸಾವಿರದಲ್ಲಿ ಒಂದ್ಸಲ ಮೂರು ಕಳೀರಿ, ಇನ್ನೊಂದ್ಸಲ ಅದಕ್ಕೇ ಮೂರು ಕೂಡಿಸಿ. ಸಾವಿರದ ಒಂಬೈನೂರ ತೊಂಬತ್ತೇಳು, ಎರಡು ಸಾವಿರದ ಮೂರು. ಗುಣಿಸಿದ್ರೆ ಬಂತು."

ತಪ್ಪಿರಲಿ ಎಂದು ಬೇಡಿಕೊಳ್ಳುತ್ತ ಅಕ್ಕ ಮೂರು ಸಲ ಗುಣಿಸಿದಳು. ಮೂರು ಸಲವೂ ಸರಿಯಾಗಿಯೇ ಬಂತು. ಯಾರೋ ಕಿಸಕ್ಕನೆ ನಕ್ಕರು. ಇನ್ನೈನೂರು ದಾಟಿದ್ದರೆ ತನಗೇ ಸಿಗುತ್ತಿತ್ತಲ್ಲ ಎಂಬುದು ಅವಳನ್ನು ಇನ್ನಷ್ಟು ಚುಚ್ಚಿತು.

ಸಂಜೆ ಮೇಸ್ತ್ರಿಯ ಬಳಿ ಹೋಗಿ, "ನಮ್ಮ ವಾರಗಿತ್ತಿಗೆ ಕೈ ನಡುಗುತ್ತೆ. ಅಂಕಿ ಸೊಟ್ಟ ಬೀಳುತ್ತೆ" ಎಂದು ಕಿವಿಯೂದಿದಳು. ಮೇಸ್ತ್ರಿ ನಂಬಿದ. ಕೈ ನಡುಗುತ್ತಂತೆ ಎಂದು ಕಾರಣ ಹೇಳಿ ವಾರಗಿತ್ತಿಯನ್ನು ರಬ್ಬರು ವಾಷರು ಆರಿಸುವ ಕೋಣೆಗೆ ಹಾಕಿದ. ಅಲ್ಲಿ ಒಂದು ಅಂಕಿಯೂ ಇರಲಿಲ್ಲ.

ಬೆಂಚಿನಲ್ಲಿ ಅಕ್ಕ ಮತ್ತೆ ಒಬ್ಬಳೇ ರಾಣಿ. ಆದರೆ ಅವಳು ಏನು ಹೇಳಿದರೂ ಪಕ್ಕದವರು, "ಚಿಕ್ಕವಳನ್ನ ಒಂದ್ಮಾತು ಕೇಳಿ" ಅನ್ನುತ್ತಿದ್ದರು. ಎದುರಿಗಿಲ್ಲದವಳ ಮೇಲೂ ಹೊಟ್ಟೆ ಉರಿಯಿತು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ವಾರಗಿತ್ತಿ ಅಂಚಿನವರೆಗೆ ನೀರು ತುಂಬಿದ ಲೋಟವನ್ನು ಅವಳೆದುರು ಚಾಚಿ ಹಿಡಿದಳು. ಒಂದು ಹನಿಯೂ ಚೆಲ್ಲಲಿಲ್ಲ.

"ನೋಡಿ ಅಕ್ಕ, ನಡುಗ್ತಿದ್ಯಾ?"

ಅಕ್ಕನಿಗೆ ತಲೆಯೆತ್ತಲಾಗಲಿಲ್ಲ. "ಉರಿ ತಡ್ಕೊಳ್ಳೋಕೆ ಆಗ್ಲಿಲ್ಲ ಕಣೇ" ಎಂದಷ್ಟೇ ಹೇಳಿದಳು. ಕಾರ್ಖಾನೆಗೆ ಹೋದವಳೇ ಮೇಸ್ತ್ರಿಯೆದುರು ತನ್ನ ಸುಳ್ಳನ್ನು ಒಪ್ಪಿಕೊಂಡಳು, ಬೈಸಿಕೊಂಡಳು.

ವಾರಗಿತ್ತಿ ಬೆಂಚಿಗೆ ಮರಳಿದ ದಿನ ಮಧ್ಯಾಹ್ನದೊಳಗೆ ಇನ್ನೆರಡು ದೊಡ್ಡ ಸಂಖ್ಯೆಗಳನ್ನು ಗುಣಕಗಳಾಗಿ ಒಡೆದಳು. ಅಕ್ಕನ ಹೊಟ್ಟೆಕಿಚ್ಚೇನೂ ಆರಿರಲಿಲ್ಲ. ತುಟಿ ಕಚ್ಚಿಕೊಂಡೇ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, "ಹೇಗೆ ಮಾಡ್ದೆ? ಮೊದಲಿಂದ ತೋರ್ಸು" ಎಂದಳು.