ಡಯಾಲಿಸಿಸ್ ಘಟಕದ ಸೇನಾಪತಿ

ಕೋವಿಡ್ ಗದ್ದಲ ತಣ್ಣಗಾದ ಮೇಲಿನ ಎರಡನೆಯ ವರ್ಷ. ಆಗ ನಾನು ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ನೂರಿಪ್ಪತ್ತು ಹಾಸಿಗೆ, ಅರವತ್ತೆಂಟು ನರ್ಸುಗಳು. ಅವರ ಡ್ಯೂಟಿ ಪಟ್ಟಿ, ರಜೆ, ಜಗಳ, ತಪ್ಪು ಎಲ್ಲಕ್ಕೂ ನಾನೇ ಉತ್ತರ ಕೊಡಬೇಕಿತ್ತು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಹಲವು ವಿಚಾರಣೆಗಳನ್ನು ನಡೆಸಿದ್ದೇನೆ. ನಿವೃತ್ತಳಾಗಿ ಸದಾಶಿವನಗರದ ಮನೆ ಸೇರಿದ ಮೇಲೂ ಬಿಡದೆ ನೆನಪಾಗುವುದು ಶೋಭಾಳ ವಿಚಾರಣೆ.

ಶೋಭಾಳಿಗೆ ಆಗ ಮೂವತ್ತನಾಲ್ಕು. ನಂದಗಡದ ಕುರಿಗಾರರ ಮನೆತನದವಳು. ಆ ಮನೆಯಲ್ಲಿ ಮೊದಲು ಸಂಬಳದ ನೌಕರಿ ಹಿಡಿದವಳು ಅವಳೇ. ಖಾನಾಪುರದಲ್ಲಿ ಬಸ್ಸು ಬದಲಿಸಿ ದಿನವೂ ಬೆಳಗಾವಿಗೆ ಬರುತ್ತಿದ್ದಳು. ಹೋಗಲು ಒಂದೂವರೆ ತಾಸು, ಬರಲು ಒಂದೂವರೆ ತಾಸು. ನಮ್ಮ ಡಯಾಲಿಸಿಸ್ ಘಟಕದಲ್ಲಿ ಆರು ಯಂತ್ರಗಳಿದ್ದವು. ಮೂತ್ರಪಿಂಡ ಕೆಲಸ ನಿಲ್ಲಿಸಿದವರ ರಕ್ತವನ್ನು ಹೊರಗೆ ತೆಗೆದು, ಶುದ್ಧ ಮಾಡಿ, ಒಳಗೆ ಬಿಡುವ ಕೆಲಸ ಅದು. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ತಾಸು. ಪ್ರತಿ ಸಲವೂ ತೋಳಿಗೆ ಎರಡು ದಪ್ಪ ಸೂಜಿ. ಆ ಸೂಜಿ ಹಾಕುವುದರಲ್ಲಿ ಶೋಭಾಳಂಥ ಕೈ ನಮ್ಮಲ್ಲಿ ಇನ್ನೊಂದಿರಲಿಲ್ಲ. ಕನ್ನಡದವರ ಜೊತೆ ಕನ್ನಡ, ಮರಾಠಿಯವರ ಜೊತೆ ಮರಾಠಿ ಮಾತಾಡುತ್ತಲೇ ಚುಚ್ಚಿ ಮುಗಿಸಿರುತ್ತಿದ್ದಳು.

ಅಂದು ಮಂಗಳವಾರ. ಮೂರನೆಯ ಹಾಸಿಗೆಯಲ್ಲಿ ಕಲ್ಲಪ್ಪ ಮಾಸ್ತರರಿದ್ದರು. ಸಾಂಬ್ರಾದವರು, ಚಿತ್ರಕಲಾ ಶಿಕ್ಷಕರಾಗಿದ್ದು ನಿವೃತ್ತರಾದವರು. ಡಯಾಲಿಸಿಸ್ ನಡೆಯುವಾಗ ದೇಹದ ನೀರು ಇಳಿದಂತೆ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ಅದಕ್ಕೇ ಅರ್ಧ ತಾಸಿಗೊಮ್ಮೆ ಬಿ.ಪಿ. ನೋಡಿ ಚಾರ್ಟಿನಲ್ಲಿ ಬರೆಯಬೇಕು. ಮೂರೂ ಹತ್ತಕ್ಕೆ ಮಾಸ್ತರರ ಹೆಂಡತಿ ಗಂಗವ್ವ ಗಾಜಿನ ಬಾಗಿಲಿನಿಂದ ಇಣುಕಿದಾಗ ಗಂಡನ ಕುತ್ತಿಗೆ ಒಂದು ಕಡೆ ವಾಲಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು. ಕರೆದರೆ ಓಗೊಡಲಿಲ್ಲ. ಇನ್ನೊಬ್ಬ ನರ್ಸ್ ಓಡಿಬಂದು ಕಾಲಿನ ಭಾಗ ಎತ್ತರಿಸಿ ಸಲೈನ್ ಬಿಟ್ಟಳು. ಡಾಕ್ಟರು ಬಂದರು. ಜೀವ ಉಳಿಯಿತು. ನಾಲ್ಕು ದಿನ ಐಸಿಯುನಲ್ಲಿದ್ದರು.

ಸಂಜೆ ನಾನು ಚಾರ್ಟ್ ತರಿಸಿಕೊಂಡೆ. ಎರಡೂವರೆಗೆ 130/80, ಮೂರಕ್ಕೆ 126/80 ಎಂದು ಶೋಭಾಳ ಅಚ್ಚುಕಟ್ಟಾದ ಕೈಬರಹದಲ್ಲಿತ್ತು. ನಮ್ಮ ಯಂತ್ರಗಳಲ್ಲಿ ಬಟನ್ ಒತ್ತಿದರೆ ಬಿ.ಪಿ. ಅಳೆದು, ಆ ಅಂಕಿ ಯಂತ್ರದ ಮೆಮೊರಿಯಲ್ಲೂ ಉಳಿಯುತ್ತಿತ್ತು. ತೆಗೆಸಿ ನೋಡಿದೆ. ಎರಡು ಗಂಟೆಯ ಅಳತೆಯಾದ ಮೇಲೆ ಮೂರೂ ಹತ್ತರವರೆಗೆ ಮೂರನೆಯ ಯಂತ್ರದಲ್ಲಿ ಒಂದೂ ಅಳತೆ ಇರಲಿಲ್ಲ.

ಮರುದಿನ ಅವಳನ್ನು ಕರೆಸಿ ಚಾರ್ಟನ್ನೂ ಯಂತ್ರದ ಪ್ರಿಂಟನ್ನೂ ಪಕ್ಕಪಕ್ಕದಲ್ಲಿಟ್ಟೆ. ಏನಾದರೂ ನೆಪ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಕಾಗದವನ್ನು ಬಹಳ ಹೊತ್ತು ನೋಡಿದಳು.

“ಮೇಡಮ್ಮಾರ, ನಾ ನೋಡಲಿಲ್ರಿ. ನೋಡಿದ್ಹಂಗ ಬರದೆ.”

ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಯುದ್ಧ ನಡೆದಿತ್ತು ಎಂದಳು. ನನಗೆ ತಿಳಿಯಲಿಲ್ಲ. ಅವಳು ತನ್ನ ಫೋನ್ ತೆಗೆದು ತೋರಿಸಿದಳು.

ಸಾವಿರಾರು ಜನ ಬೇರೆ ಬೇರೆ ದೇಶಗಳಿಂದ ಒಂದೇ ನಕಾಶೆಯ ಮೇಲೆ ಆಡುವ ಯುದ್ಧದ ಆಟ ಅದು. ಬಸ್ಸಿನಲ್ಲಿ ಕುಳಿತಿದ್ದಾಗ ಯಾವುದೋ ಜಾಹೀರಾತು ನೋಡಿ ಹಾಕಿಕೊಂಡಿದ್ದಳಂತೆ. ಜಾಹೀರಾತಿನಲ್ಲಿ ಸುಲಭದ ಒಗಟು, ಒಳಗೆ ಹೋದರೆ ಕೋಟೆ, ದಂಡು, ದಾಳಿ. ಒಂದೂವರೆ ವರ್ಷದಿಂದ ಆಡುತ್ತಿದ್ದಳು. ಎಂಬತ್ತನಾಲ್ಕು ಜನರ ಒಕ್ಕೂಟಕ್ಕೆ ಅವಳೇ ಸೇನಾಪತಿ. ಒಕ್ಕೂಟಕ್ಕೆ ಅಲ್ಲಿ ಅಲಯನ್ಸ್ ಎನ್ನುತ್ತಾರೆ. ಟರ್ಕಿಯ ಒಬ್ಬ ಅಜ್ಜ, ಬ್ರೆಜಿಲ್ಲಿನ ಲಾರಿ ಚಾಲಕ, ಫಿಲಿಪೀನ್ಸಿನ ಒಬ್ಬ ಟೀಚರು, ಹೀಗೆ. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಆಟವೇ ಅನುವಾದ ಮಾಡಿಕೊಡುತ್ತದೆ. ಆಟದ ಗಡಿಯಾರ ನಮ್ಮದಲ್ಲ. ಆ ಮಂಗಳವಾರದ ದೊಡ್ಡ ಯುದ್ಧ ನಮ್ಮ ಮಧ್ಯಾಹ್ನ ಎರಡೂವರೆಗೆ ಬಿದ್ದಿತ್ತು.

“ನಾ ಹೇಳದ ಒಬ್ರೂ ದಂಡು ಬಿಡಂಗಿಲ್ರಿ ಅಲ್ಲೆ. ಎಂಬತ್ತನಾಲ್ಕು ಮಂದಿ ನನ್ನ ಮಾತಿಗೆ ಕಾಯ್ತಾರ. ಇಲ್ಲೆ ನನ್ನ ಯಾರ ಏನ ಕೇಳ್ತಾರ್ರಿ?”

ನಾನು ಆ ಮಾತನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಲಿಲ್ಲ. ಅವಳನ್ನು ಡಯಾಲಿಸಿಸ್ ಘಟಕದಿಂದ ಆಸ್ಪತ್ರೆಯ ಸ್ಟೋರ್ ರೂಮಿಗೆ ಹಾಕಿ ವಿಚಾರಣೆ ಮುಂದುವರಿಸಿದೆ.

ತಿಳಿಯದ ಸಂಗತಿಯ ಮೇಲೆ ವರದಿ ಬರೆಯುವುದು ನನಗೆ ಒಗ್ಗುವುದಿಲ್ಲ. ಆಟವನ್ನು ನನ್ನ ಫೋನಿನಲ್ಲೂ ಹಾಕಿಕೊಂಡು ಹನ್ನೊಂದು ದಿನ ಆಡಿದೆ. ಹೊಸದಾಗಿ ಇದಕ್ಕೆ ಕಾಲಿಡುವವರಿಗೆ ನಾನು ಹೇಳಬೇಕಾದದ್ದು ಆ ದಿನಗಳಲ್ಲಿ ಕಂಡದ್ದು. ಮೊದಲ ದಿನ ಎಲ್ಲವೂ ಚಕಚಕನೆ ಆಗುತ್ತದೆ. ಒಂದು ಗೋಡೆ ಕಟ್ಟಲು ಅರ್ಧ ನಿಮಿಷ. ನಾಲ್ಕನೆಯ ದಿನ ಅದೇ ಗೋಡೆಗೆ ಆರು ತಾಸು, ವಾರದ ಹೊತ್ತಿಗೆ ಎರಡು ದಿನ. ಕಾಯುವುದನ್ನು ಅದು ಹೀಗೆ ಸ್ವಲ್ಪ ಸ್ವಲ್ಪವಾಗಿ ಕಲಿಸುತ್ತದೆ. ನೀವು ಫೋನ್ ಮುಚ್ಚಿಟ್ಟರೂ ಆಟ ನಿಲ್ಲುವುದಿಲ್ಲ. ಕಳಿಸಿದ ದಂಡು ನಡೆಯುತ್ತಲೇ ಇರುತ್ತದೆ, ವೈರಿಯೂ ಬರುತ್ತಲೇ ಇರುತ್ತಾನೆ. ಹೊಸಬರಿಗೆ ಕೆಲವು ದಿನ ಯಾರೂ ದಾಳಿ ಮಾಡದಂತೆ ಒಂದು ರಕ್ಷಣೆ ಇರುತ್ತದೆ, ಅದನ್ನು ಶೀಲ್ಡ್ ಎನ್ನುತ್ತಾರೆ. ಅದು ಮುಗಿದ ಮೇಲೆ ಒಂಟಿಯಾಗಿದ್ದವರನ್ನು ಲೂಟಿ ಮಾಡುತ್ತಾರೆ. ಹಾಗಾಗಿ ಒಕ್ಕೂಟ ಸೇರಲೇಬೇಕಾಗುತ್ತದೆ. ಸೇರಿದ ದಿನವೇ ನನಗೆ ಹದಿನಾರು ಜನ ಸ್ವಾಗತ ಕೋರಿದರು. ನನ್ನ ಅರ್ಧಮರ್ಧ ಕೋಟೆಗೆ ಯಾರೋ ಕಾವಲಿನ ದಂಡು ಕಳಿಸಿದರು. ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಅವರ ಕೋಟೆಯ ಮೇಲೆ ದಾಳಿಯಾದಾಗ ನಾನು ಹೋಗದಿದ್ದರೆ ಹೇಗೆ ಎನ್ನುವ ಚಿಂತೆ ಹತ್ತಿತು.

ಆಟ ಹಾಕಿಕೊಂಡ ಒಂಬತ್ತನೆಯ ದಿನ ಗಂಗವ್ವ ನನ್ನ ಕೋಣೆಗೆ ಬಂದರು. ದೂರು ಕೊಡಲು ಬಂದಿರಬೇಕು ಎಂದುಕೊಂಡೆ. ಅವರು ಸೆರಗು ಸರಿಮಾಡಿಕೊಂಡು ಕುಳಿತು ಹೇಳಿದರು.

“ಬಾಯಾರ, ಆಕೀನ್ನ ತಗದ ಹಾಕಬ್ಯಾಡ್ರಿ. ಆಕಿ ಸೂಜಿ ಹಾಕಿದ್ರ ಇವರಿಗೆ ನೋವ ಗೊತ್ತ ಆಗ್ತಿರಲಿಲ್ಲ. ಆದ್ರ ಅವತ್ತ ಆಕಿ ಯಾಕ ಇವರ ಕಡೆ ನೋಡಲಿಲ್ಲ, ಅದಷ್ಟ ನನಗ ಹೇಳ್ರಿ.”

ಸರಿಯಾಗಿ ಆಗಲೇ ನನ್ನ ಪರ್ಸಿನೊಳಗೆ ಫೋನ್ ಗುಂಯ್‌ಗುಟ್ಟಿತು. ನನ್ನ ಕೋಟೆಯ ಮೇಲೆ ದಾಳಿ ಬರುತ್ತಿದೆ ಎಂದು ಆ ಸದ್ದಿನಿಂದಲೇ ತಿಳಿಯಿತು. ಗಂಗವ್ವನ ಮುಖ ನೋಡುತ್ತಿದ್ದಂತೆಯೇ ನನ್ನ ಕೈ ಪರ್ಸಿನ ಜಿಪ್ಪಿನ ಮೇಲಿತ್ತು. ಅವರು ನನ್ನ ಕೈ ನೋಡಿದರು. ವಿಚಾರಣೆ ಮುಗಿದ ಮೇಲೆ ತಿಳಿಸುತ್ತೇನೆ ಎಂದು ಅವರನ್ನು ಕಳಿಸಿದೆ. ಎರಡು ದಿನದ ನಂತರ ಆಟವನ್ನು ತೆಗೆದುಹಾಕಿದೆ. ಆ ಎರಡು ದಿನ ಏಕೆ ಬೇಕಾದವು ಎಂದು ಕೇಳಿದರೆ, ಒಕ್ಕೂಟದವರಿಗೆ ಹೇಳದೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ನಾನು ಮುಖ ನೋಡದ ಜನ ಅವರು.

ಕೊನೆಯ ವಿಚಾರಣೆಗೆ ಶೋಭಾ ಒಂದು ನೂರು ಪುಟದ ನೋಟ್‌ಬುಕ್ ತಂದಳು. ಏನನ್ನೂ ಮುಚ್ಚಿಡಬಾರದು ಎಂದು ತಂದಿದ್ದಳು. ಎಂಬತ್ತನಾಲ್ಕು ಜನರ ಹೆಸರು, ಅವರವರ ದೇಶದ ಹೊತ್ತು, ಯಾರು ಯಾವಾಗ ಎಚ್ಚರವಿರುತ್ತಾರೆ, ಯಾರಿಗೆ ಹುಷಾರಿಲ್ಲ, ಯಾರ ಬದಲು ಯಾರು, ಎಲ್ಲವನ್ನೂ ಗೆರೆ ಎಳೆದು ಬರೆದಿದ್ದಳು. ಎರಡು ವಾರಗಳ ಕೆಲಸ ಒಂದೇ ಪುಟದಲ್ಲಿ, ಎಲ್ಲೂ ಯಾರ ಮೇಲೂ ಹೆಚ್ಚಿನ ಭಾರ ಬಿದ್ದಿರಲಿಲ್ಲ. ಅಷ್ಟು ಚೆನ್ನಾದ ಡ್ಯೂಟಿ ಪಟ್ಟಿಯನ್ನು ನಾನು ಎಂದೂ ಹಾಕಿರಲಿಲ್ಲ. ಮತ್ತು ಆ ಹಿಂದಿನ ವರ್ಷ ಡಯಾಲಿಸಿಸ್ ಇನ್‌ಚಾರ್ಜ್ ಹುದ್ದೆಗೆ ಅವಳು ಅರ್ಜಿ ಕೊಟ್ಟಾಗ, ದೂರದಿಂದ ಬರುತ್ತಾಳೆ, ಇಂಗ್ಲಿಷ್ ಸಾಲದು ಎಂದು ತಳ್ಳಿಹಾಕಿದವಳು ನಾನೇ. ಅವಳು ಅದನ್ನು ಎತ್ತಿ ಆಡಲಿಲ್ಲ.

ನನ್ನೆದುರಿಗೇ ಅವಳು ಒಕ್ಕೂಟಕ್ಕೆ ರಾಜೀನಾಮೆ ಬರೆದಳು. ನಾನಿಲ್ಲದಿದ್ದರೆ ಎಲ್ಲ ಮುಳುಗಿಹೋಗುತ್ತಾರೆ ಎಂದಳು. ಮರುದಿನ ಬಂದು ಹೇಳಿದ್ದು ಬೇರೆ.

“ನಲವತ್ತು ನಿಮಿಷದಾಗ ಬ್ಯಾರೆಯವರನ್ನ ಸೇನಾಪತಿ ಮಾಡಿದ್ರಂತ್ರಿ. ಟರ್ಕಿ ಅಜ್ಜ ಒಬ್ಬಾಂವ ಹ್ವಾದ್ಯಾ ಅಂತ ಕೇಳಿದ.”

ಮಾಸ್ತರರು ಮತ್ತೆ ಡಯಾಲಿಸಿಸ್‌ಗೆ ಬರತೊಡಗಿದರು. ಮೊದಲು ಸೀಲಿಂಗ್ ನೋಡುತ್ತ ನಿದ್ದೆಹೋಗುತ್ತಿದ್ದವರು ಈಗ ನಿದ್ದೆ ಮಾಡಲಿಲ್ಲ. ಅರ್ಧ ತಾಸಿಗೊಮ್ಮೆ ತಾವೇ ತಲೆಯೆತ್ತಿ, “ಎಷ್ಟ ಐತಿ?” ಎಂದು ಕೇಳುತ್ತಿದ್ದರು. ಗಂಗವ್ವನಿಗೆ ನಾನು ಕಾರಣ ಹೇಳಿದೆ. ಫೋನಿನಲ್ಲಿ ಆಟ ಆಡುತ್ತಿದ್ದಳು ಎಂದಾಗ ಅವರು ಎದ್ದುಹೋದರು.

ಅಳೆಯದ ಅಂಕಿಯನ್ನು ಬರೆದ ನರ್ಸನ್ನು ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಈಗಲೂ ನನ್ನ ಅಭಿಪ್ರಾಯ ಅದೇ. ಶೋಭಾ ಹೋದಳು. ಅವಳ ಜಾಗವನ್ನೂ ನಾವು ಒಂದು ವಾರದಲ್ಲಿ ತುಂಬಿದೆವು. ಈಗ ಖಾನಾಪುರದ ಸಣ್ಣ ಹೆರಿಗೆ ಆಸ್ಪತ್ರೆಯೊಂದರಲ್ಲಿದ್ದಾಳೆಂದು ಕೇಳಿದ್ದೇನೆ.

ವೈರಿಗಳಿಗಾಗಿ ಯಾರೂ ಇಂಥ ಆಟಕ್ಕೆ ಕಟ್ಟುಬೀಳುವುದಿಲ್ಲ. ಅಲ್ಲಿ ಬೇಕಾದವರಾಗಿದ್ದೇವೆ ಎನ್ನುವುದಕ್ಕೆ ಕಟ್ಟುಬೀಳುತ್ತಾರೆ. ಸೇರುವ ಮೊದಲು, ಕರೆದಾಗ ಹೋಗದೆ ಇರಬಲ್ಲೆನೇ ಎಂದು ಕೇಳಿಕೊಳ್ಳಿ. ಇದನ್ನು ನಾನು ಹೊಸ ನರ್ಸುಗಳಿಗೆ ನಿವೃತ್ತಿಯವರೆಗೂ ಹೇಳುತ್ತಿದ್ದೆ.

ಹೇಳದೆ ಉಳಿದದ್ದೊಂದಿದೆ. ವರದಿಯ ಕೊನೆಗೆ ನಾನು ಇನ್‌ಚಾರ್ಜ್ ಅರ್ಜಿಯ ಸಂಗತಿಯನ್ನೂ, ಅವಳ ಯೋಗ್ಯತೆಯನ್ನು ನಾನು ಗುರುತಿಸಲಿಲ್ಲ ಎಂಬುದನ್ನೂ ಬರೆದಿದ್ದೆ. ಆಡಳಿತಾಧಿಕಾರಿ ಓದಿ, ಇದು ಆಕೆಯ ತಪ್ಪಿನ ವರದಿ, ನಿಮ್ಮದನ್ನೇಕೆ ಸೇರಿಸುತ್ತೀರಿ ಎಂದರು. ನಾನು ಆ ಏಳು ಸಾಲು ತೆಗೆದು, ಪುಟವನ್ನು ಮತ್ತೆ ಟೈಪ್ ಮಾಡಿಸಿ ಸಹಿ ಹಾಕಿದೆ. ನೋಡದ್ದನ್ನು ನೋಡಿದಂತೆ ಅವಳು ಬರೆದಳು. ನೋಡಿದ್ದನ್ನು ನಾನು ಬರೆದೂ ತೆಗೆದುಹಾಕಿದೆ. ನನ್ನ ಮೇಲೆ ಯಾರೂ ವಿಚಾರಣೆ ನಡೆಸಲಿಲ್ಲ.