ಗಾಜಿನ ಪೆಟ್ಟಿಗೆ ಸೇರಿದ ಮೀನೀಟಿ

ಉಗ್ಯುಕ್ ಅವರಿಗೆ ಎಪ್ಪತ್ತೊಂದು ವರ್ಷ. ಹುಡುಗರಾಗಿದ್ದಾಗಿನಿಂದ ಪ್ರತಿ ಆಗಸ್ಟ್‌ನಲ್ಲೂ ಹಿಮನಾಡಿನ ನಮ್ಮ ಹೊಳೆಯಲ್ಲಿ, ಮೀನು ತಡೆಯಲು ಕಟ್ಟಿದ ಕಲ್ಲುಕಟ್ಟೆಯೊಳಗೆ ಸೊಂಟದವರೆಗೆ ನೀರಿಗಿಳಿದು ಚಾರ್ ಮೀನು ಹೊಡೆಯುತ್ತ ಬಂದವರು. ಅವರ ಈಟಿಗೆ ಮೂರು ಹಲ್ಲು. ನಡುವಿನದು ಹಿಮಸಾರಂಗದ ಕಾಲಿನ ಎಲುಬು. ಅಕ್ಕಪಕ್ಕದವು ಕಸ್ತೂರಿ ಎತ್ತಿನ ಕೊಂಬು. ಆ ಕೊಂಬುಗಳ ತುದಿಯಲ್ಲಿ ಒಳಕ್ಕೆ ಬಾಗಿದ ಎಲುಬಿನ ಮುಳ್ಳು. ಮೀನಿನ ಬೆನ್ನು ತಾಗಿದಾಗ ಕೊಂಬುಗಳು ಅಗಲವಾಗಿ, ಮರುಗಳಿಗೆಯಲ್ಲಿ ಕೂಡಿಕೊಂಡು ಹಿಡಿಯಬೇಕು. ಒಣಗಿದ ಕೊಂಬು ಬಾಗುವುದಿಲ್ಲ, ಮುರಿಯುತ್ತದೆ. ಅದಕ್ಕೇ ಮೀನು ಬರುವ ಮೊದಲು ಈಟಿಯ ತಲೆಯನ್ನು ಹೊಳೆಯಲ್ಲಿ ನೆನೆಹಾಕುತ್ತಾರೆ.

ಜೂನ್‌ನಲ್ಲಿ ಊರಿನ ಹೊಸ ವಸ್ತುಸಂಗ್ರಹಾಲಯದವರು ಎರಡು ವಾರಕ್ಕೆಂದು ಆ ಈಟಿಯನ್ನು ಕೇಳಿ ಒಯ್ದರು. ಆಗಸ್ಟ್ ಎಂಟಕ್ಕೆ ಸಮುದ್ರದಿಂದ ಮೀನು ಹೊಳೆಗೆ ಬಂದವು. ಈಟಿ ಬರಲಿಲ್ಲ. ಉಗ್ಯುಕ್ ಹೆಂಡತಿ ನಲುಂಗಿಯಾಕ್ ಜೊತೆ ಅಲ್ಲಿಗೆ ಹೋದರು.

ದಕ್ಷಿಣದಿಂದ ಬಂದಿದ್ದ ಮೇಲ್ವಿಚಾರಕ ಗ್ರೆಗರ್ ಕುರ್ಚಿ ಕೊಟ್ಟ, ಚಹಾ ಕೊಟ್ಟ. ಈಟಿ ಗಾಜಿನ ಪೆಟ್ಟಿಗೆಯೊಳಗೆ ದೀಪದಡಿ ಮಲಗಿತ್ತು.

"ಬೀಗದ ಕೈ ಶುಕ್ರವಾರದ ವಿಮಾನಕ್ಕೆ ಬರತ್ತೆ ಅಜ್ಜ. ಅಷ್ಟಕ್ಕೂ ಇದು ಪರಂಪರೆ ಅಲ್ವಾ, ನೀರಿಗೆ ಹಾಕಿದ್ರೆ ಹಾಳಾಗಲ್ವಾ?"

"ನೀರಿಗೆ ಹಾಕದೆ ಏನು ನಿನ್ನ ಚಹಾಕ್ಕೆ ಹಾಕ್ಲಾ?" ಎಂದರು ನಲುಂಗಿಯಾಕ್.

"ಮೀನು ಇರೋದು ಹತ್ತೇ ದಿನ ಕಣಪ್ಪ," ಎಂದರು ಉಗ್ಯುಕ್. "ಚಳಿಗಾಲಕ್ಕೆ ಏನು ತಿನ್ಲಿ? ಪರಂಪರೆನಾ?"

"ಅಂಗಡಿಲಿ ಕಬ್ಬಿಣದ ಈಟಿ ಸಿಗತ್ತಲ್ಲ ಅಜ್ಜ."

ಉಗ್ಯುಕ್ ಚಹಾದ ಬಟ್ಟಲು ಕೆಳಗಿಟ್ಟು ಎದ್ದರು. ತಮ್ಮ ಕೈಯಳತೆಗೆ ತಾವೇ ತೀಡಿಕೊಂಡ ಈಟಿಯನ್ನು ಕೇಳಲು, ಅದನ್ನು ನಂಬಿ ಕೊಟ್ಟ ಮನುಷ್ಯ ಕಟಕಟೆಯಲ್ಲಿ ನಿಂತವನಂತೆ ಕಾರಣ ಹೇಳಬೇಕಾಗಿತ್ತು.

ಶುಕ್ರವಾರ ಈಟಿ ಕೈಗೆ ಬಂತು. ಬೆರಳಾಡಿಸಿದ ಉಗ್ಯುಕ್ ಕೈ ಹಿಂದಕ್ಕೆಳೆದುಕೊಂಡರು. ಕೊಂಬಿಗೂ ಎಲುಬಿಗೂ ಯಾರೋ ವಾರ್ನಿಶ್ ಬಳಿದಿದ್ದರು.

"ಹೊಳಪು ಬರ್ಲಿ ಅಂತ," ಎಂದ ಗ್ರೆಗರ್.

"ಇನ್ನು ಇದು ನೀರು ಹೇಗೆ ಕುಡಿಯತ್ತೆ? ಬಾಯಿ ಹೊಲಿದು ಕಳಿಸಿದ್ದೀಯ," ಎಂದರು ಉಗ್ಯುಕ್.

ಆ ಮಾತು ಗ್ರೆಗರ್‌ಗೆ ಅರ್ಥವಾಗಲಿಲ್ಲ. ಬಳಿಯುವ ಮುಂಚೆ ಯಾರನ್ನಾದರೂ ಕೇಳಿದ್ದರೆ, ಊರಿನ ಯಾವ ಹೆಂಗಸು ಬೇಕಾದರೂ ಹೇಳುತ್ತಿದ್ದಳು. ಕೇಳುವ ಅಗತ್ಯ ಆ ಕಟ್ಟಡದಲ್ಲಿ ಯಾರಿಗೂ ಕಂಡಿರಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಉಗ್ಯುಕ್ ಚಾಕುವಿನಿಂದ ವಾರ್ನಿಶ್ ಹೆರೆಯತೊಡಗಿದರು. ಗ್ರೆಗರ್ ಬೇಡವೆಂದ, ಆಮೇಲೆ ಒಳಗೆ ಹೋದ. ಹೆರೆಯಲು ಒಂದು ದಿನ, ನೆನೆಯಲು ಮೂರು ದಿನ ಹಿಡಿಯಿತು. ಅಷ್ಟೂ ದಿನ ಕಟ್ಟೆಯಲ್ಲಿ ಪಕ್ಕದ ಮನೆಗಳವರು ಮೀನು ಹೊಡೆದರು. ಅವರು ತಮ್ಮ ಈಟಿಗಳನ್ನು ಮುಂದೆ ಚಾಚಿದರೂ ಉಗ್ಯುಕ್ ಮುಟ್ಟಲಿಲ್ಲ. ಬೇರೆಯವರ ಕೈಗೆ ಪಳಗಿದ ಈಟಿ ಅವರ ಕೈಗೆ ಕೂರುವುದಿಲ್ಲ.

ಅವರು ನೀರಿಗಿಳಿದಾಗ ಉಳಿದಿದ್ದದ್ದು ಎರಡೇ ದಿನ. ಸಿಕ್ಕಿದ್ದು ನಲವತ್ತೊಂದು ಮೀನು. ಬೇರೆ ವರ್ಷ ಇನ್ನೂರಕ್ಕೆ ಕಡಿಮೆಯಿಲ್ಲದೆ ಒಣಗಿಸುತ್ತಿದ್ದರು.

ಕೊನೆಯ ಸಂಜೆ ಕಟ್ಟೆಯ ಮೇಲ್ಗಲ್ಲುಗಳನ್ನು ತೆಗೆಯುವುದು ಊರಿಗೆ ಹಿರಿಯರಾದ ಉಗ್ಯುಕ್ ಅವರ ಕೆಲಸ. ಹೊಳೆ ಹೆಪ್ಪುಗಟ್ಟುವ ಮೊದಲು ಉಳಿದ ಮೀನು ಚಳಿಗಾಲ ಕಳೆಯಲು ಹೊಳೆಯ ಮೇಲಿನ ಸರೋವರ ಸೇರಬೇಕು. ಕಟ್ಟೆಯೊಳಗೆ ಇನ್ನೂ ಮೀನು ಹೊರಳುತ್ತಿದ್ದವು. ಒಂದು ದಿನ ತಡಮಾಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

"ಇವತ್ತೇ ತೆಗೀಬೇಕಾ ಮುದುಕ? ನಮ್ಮ ಮೀನು ಒಣಗಿಸೋ ಅಟ್ಟಣೆ ನೋಡು, ಅರ್ಧಾನೂ ತುಂಬಿಲ್ಲ," ಎಂದರು ನಲುಂಗಿಯಾಕ್.

ಉಗ್ಯುಕ್ ಆಗಲೇ ಬಗ್ಗಿ ಮೊದಲ ಕಲ್ಲಿಗೆ ಕೈಹಾಕಿದ್ದರು.

"ಮೀನೇನು ತಪ್ಪು ಮಾಡಿದಾವೆ?" ಎಂದು ಅದನ್ನು ಎತ್ತಿ ದಡಕ್ಕೆ ಎಸೆದರು.