ಚಲಪತಿಯ ಮೈಕು ಮತ್ತು ಎಫ್‌.ಎಂ. ನಿರೂಪಕರ ಸಂಬಳ

ಎಫ್‌.ಎಂ. ರೇಡಿಯೊದಲ್ಲಿ ಹಾಡುಗಳ ನಡುವೆ ಮಾತನಾಡುವವರಿಗೆ ತಿಂಗಳಿಗೆ ಲಕ್ಷಕ್ಕೂ ಮಿಕ್ಕಿದ ಸಂಬಳ ನ್ಯಾಯವೇ ಎಂದು ಯಾರಾದರೂ ಕೇಳಿದರೆ, ನಾನು ತಮಿಳುನಾಡಿನ ಗಡಿಯ ನಮ್ಮೂರು ಡೆಂಕಣಿಕೋಟೆಯ ಚಲಪತಿಯ ಸಂಗತಿ ಹೇಳುತ್ತೇನೆ. ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದವನು ನಾನು, ಕಂಡದ್ದನ್ನಷ್ಟೇ ಬರೆಯುತ್ತೇನೆ.

ಚಲಪತಿ 1985ರಿಂದ ಬಸ್ ನಿಲ್ದಾಣದ ಹಿಂದೆ ಮೈಕ್ ಸೆಟ್ ಅಂಗಡಿ ಇಟ್ಟಿದ್ದಾನೆ. ಮದುವೆ, ನಾಮಕರಣ, ಸಂಘದ ಸಭೆ, ಯಾವುದಕ್ಕೆ ಕರೆದರೂ ಎರಡು ಹಾರ್ನು ಸ್ಪೀಕರು ಕಟ್ಟಿ, ಆಯಾ ಮನೆಯವರ ಭಾಷೆಯ ಹಾಡು ಹಾಕಿ, ನಡುನಡುವೆ ತಾನೇ ಮಾತನಾಡುತ್ತಾನೆ. ದಿನಕ್ಕೆ ಆರುನೂರು ರೂಪಾಯಿ. ಅವನದೊಂದು ಪದ್ಧತಿಯುಂಟು. ರಾಗಿ ಕೊಯ್ಲಿನ ಕಾಲದಲ್ಲಿ ಆನೆ ಇಳಿದರೆ ಕಾಡಂಚಿನ ಹಳ್ಳಿಯವರು ಮೊದಲು ಅವನಿಗೆ ಫೋನ್ ಮಾಡುತ್ತಾರೆ. ಹಾಡು ಯಾವುದೇ ಇರಲಿ, ಅರ್ಧಕ್ಕೆ ನಿಲ್ಲಿಸಿ, ಯಾವ ದಾರಿಯಲ್ಲಿ ಹೋಗಬಾರದೆಂದು ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ ಸಾರುತ್ತಾನೆ. ತಾಳಿ ಕಟ್ಟುವ ಹೊತ್ತಿನಲ್ಲಿ ಸಾರಿ ಬೈಸಿಕೊಂಡದ್ದೂ ಉಂಟು.

2007ರ ಡಿಸೆಂಬರ್ 16, ಭಾನುವಾರ, ನಮ್ಮ ತರಕಾರಿ ಬೆಳೆಗಾರರ ಸಂಘದ ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ಎಫ್‌.ಎಂ. ನಿರೂಪಕ ಮೋಹನ್ ಬಂದರು. ಅವರ ಸಂಬಳ ತಿಂಗಳಿಗೆ ಒಂದೂವರೆ ಲಕ್ಷವೆಂದು ಅವರ ವ್ಯವಸ್ಥಾಪಕರೇ ನನಗೆ ಹೇಳಿದರು. ನಿರೂಪಕರ ಮಾತಿಗೆ ಯಾರೂ ಅಡ್ಡಿಪಡಿಸತಕ್ಕದ್ದಲ್ಲ ಎಂಬುದು ಅವರ ಷರತ್ತು. ಸಂಘದ ಕಾರ್ಯದರ್ಶಿಯಾಗಿ ಅದನ್ನು ಬರೆದು, ಅಂದು ಮೈಕ್ ಸೆಟ್ ಹಾಕಲಿದ್ದ ಚಲಪತಿಯ ಸಹಿ ಪಡೆದವನು ನಾನೇ.

“ತಂತಿ ಎಳೆಯೋಕೂ ಸೈನ್ ಮಾಡ್ಬೇಕಾ ಸಾರ್?” ಎಂದ ಅವನು. “ಮಾಡ್ತೀನಿ ಬುಡಿ. ಆದ್ರೆ ಆನೆ ಈ ಕಾಗ್ದ ಓದಲ್ಲ.”

ಮೋಹನ್ ಸಮರ್ಥರೇ ಹೌದು. ಎಂಟುನೂರು ಜನರನ್ನು ನಗಿಸುತ್ತ ಕೂರಿಸಿದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಂಜೆ ಏಳೂಕಾಲಿಗೆ ಚಲಪತಿಯ ಫೋನು ಬಡಿದುಕೊಂಡಿತು. ಕೆರೆಯಾಚೆಯ ಹನುಮಕ್ಕನ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು: “ಲೇ ಚಲಪತಿ, ನಾಕವೆ, ಒಂದು ಮರಿ ಬೇರೆ ಐತೆ ಕಣ್ಲಾ. ಕೆರೆ ಏರಿ ಮೇಲೇ ನಿಂತ್ಕಂಡವೆ.”

ಸಭೆಯ ಅರ್ಧ ಜನ ಮನೆಗೆ ಮರಳಬೇಕಾದದ್ದು ಆ ಏರಿಯ ಮೇಲೆಯೇ. ಚಳಿಗೆ ಹೆದರಿ ಕೆಲವರು ಆಗಲೇ ಎದ್ದು ಹೊರಟಿದ್ದರು. ಚಲಪತಿ ವೇದಿಕೆ ಹತ್ತಿ ಮೋಹನ್ ಅವರ ಕಿವಿಯಲ್ಲಿ ವಿಷಯ ತಿಳಿಸಿದ.

“ಆನೆನೂ ನಮ್ಮ ಪ್ರೋಗ್ರಾಂ ಕೇಳೋಕೆ ಬಂದಿದ್ಯಂತೆ,” ಎಂದರು ಅವರು ಮೈಕಿನಲ್ಲಿ. “ಅದಕ್ಕೂ ಒಂದು ಹಾಡು ಹಾಕೋಣ, ಆಮೇಲೆ ಮಾತಾಡೋಣ.”

ಜನ ನಕ್ಕರು. ಹೊರಟವರೂ ನಗುತ್ತಲೇ ಏರಿಯತ್ತ ನಡೆದರು.

ಚಲಪತಿ ಕೆಳಗಿಳಿದು ಅವರ ಮೈಕಿನ ತಂತಿ ಕಿತ್ತ. ತನ್ನ ಹಳೆಯ ಮೈಕನ್ನು ಸಿಕ್ಕಿಸಿದ. “ಕೆರೆ ಏರಿ ಕಡೆ ಯಾರೂ ಹೋಗ್ಬ್ಯಾಡಿ. ಹೋಗ್ತಿರೋರು ಹಿಂದಕ್ಕೆ ಬನ್ನಿ. ನಾಕು ಆನೆ ಅವೆ, ಮರಿ ಐತೆ.” ಅದನ್ನೇ ತಮಿಳಿನಲ್ಲಿ, ಬಳಿಕ ತೆಲುಗಿನಲ್ಲಿ ಹೇಳಿದ. ಹಾರ್ನಿನ ದನಿ ಏರಿಗೂ ಮುಟ್ಟುತ್ತದೆ. ಹನ್ನೊಂದು ಮಂದಿ ಮರಳಿ ಬಂದರು. ಅವರಲ್ಲಿ ಮೂವರು ಮಕ್ಕಳು.

ಮೋಹನ್ ಮುನಿದು ಕಾರು ಹತ್ತಿದರು. ಮರುವಾರದ ಸಭೆಯಲ್ಲಿ ಅಧ್ಯಕ್ಷ ಜಯರಾಮಯ್ಯನವರು ಚಲಪತಿಯನ್ನು ಕರೆಸಿದರು. “ಒಂದು ಹಾಡು ತಡ್ಕಂಡಿದ್ರೆ ಏನಾಗ್ತಿತ್ತಪ್ಪಾ? ಊರಿನ ಮರ್ವಾದೆ ಹೋಯ್ತು. ತಪ್ಪಾಯ್ತು ಅಂತ ಬರ್ಕೊಡು. ಇಲ್ದಿದ್ರೆ ಬರೋ ವರ್ಷ ಹೊಸೂರಿಂದ ಸೆಟ್ ತರುಸ್ತೀವಿ.”

“ಬರ್ಕೊಡಲ್ಲ ಯಜಮಾನ್ರೆ. ಬರೋ ವರ್ಷ ಆನೆ ಬಂದ್ರೂ ಹಿಂಗೇ ಕೀಳ್ತೀನಿ. ಒಪ್ಪಿದ್ರೆ ಕರೀರಿ.”

ಷರತ್ತಿನ ಕಾಗದವನ್ನು ನಾನು ಕಡತದಿಂದ ತೆಗೆದು, ಅಡ್ಡಗೆರೆ ಎಳೆದು, ದಿನಾಂಕ ಸಹಿತ ಸಹಿ ಮಾಡಿ ಮೇಜಿನ ಮೇಲಿಟ್ಟೆ. ಅದನ್ನು ಬರೆದದ್ದೇ ತಪ್ಪು. ಎದುರಿಗೆ ಕುಳಿತವರು ಯಾವ ದಾರಿ ಹಿಡಿದು ಮನೆ ಸೇರುತ್ತಾರೆಂದು ವಿಚಾರಿಸದ ಮಾತಿಗೆ ಒಂದೂವರೆ ಲಕ್ಷ ಹೆಚ್ಚೇ ಸರಿ, ಎಷ್ಟು ನಗಿಸಿದರೂ ಹೆಚ್ಚೇ.

ಮತಕ್ಕೆ ಹಾಕಿದಾಗ ಐವರು ಚಲಪತಿಯ ಪರ, ನಾಲ್ವರು ವಿರೋಧ. ನಿರ್ಣಯ ಪುಸ್ತಕದಲ್ಲಿ ನಾನು ಬರೆದೆ: ‘ಮೈಕು ಚಲಪತಿಯ ವಶದಲ್ಲಿರತಕ್ಕದ್ದು. ಅಗತ್ಯವಾದಾಗ ಅವನು ಯಾರ ಮಾತನ್ನಾದರೂ ನಿಲ್ಲಿಸಬಹುದು.’ ಜಯರಾಮಯ್ಯನವರು ಎರಡು ಸಲ ಓದಿ ಸಹಿ ಹಾಕಿದರು. ಚಲಪತಿಗೆ ದಿನಕ್ಕೆ ಆರುನೂರು ರೂಪಾಯಿ ಸಾಲದು, ಹೆಚ್ಚಿಸಬೇಕೆಂದು ನಾನು ಸಲ್ಲಿಸಿದ ಟಿಪ್ಪಣಿ ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ. ಪ್ರತಿ ಸಭೆಯಲ್ಲಿಯೂ ಕೇಳುತ್ತಿದ್ದೇನೆ.